ಕಾಡಸಿದ್ದ ಮರಿಗೆ ಹಾಲು ಬಿಡಿಸಿದ್ದು

ಆಡಿನ ಮರಿಗೆ ತಾಯಿಹಾಲು ಬಿಡಿಸಲು ಸರ್ಟಿಫಿಕೇಟು ಬೇಕಾಗುತ್ತದೆ ಎಂಬುದು ನಮ್ಮ ವಾಡಿಗೆ ತಿಳಿದದ್ದು ಕಾಡಸಿದ್ದನಿಂದ. ಅಲ್ಲಿಯವರೆಗೆ ಆಡುಗಳು ತಾವೇ ಬಿಡಿಸಿಕೊಳ್ಳುತ್ತಿದ್ದವು. ಮರಿ ಬೆಳೆದು ಕೆಚ್ಚಲಿಗೆ ಜೋರಾಗಿ ಗುದ್ದತೊಡಗಿದರೆ ತಾಯಿ ಹಿಂಗಾಲು ಝಾಡಿಸಿ ಒಂದು ಒದೆ ಕೊಡುತ್ತಿತ್ತು. ಮರಿ ಎರಡು ದಿನ ಒದರಿ ಮೂರನೆಯ ದಿನ ಹುಲ್ಲಿಗೆ ಬಾಯಿ ಹಾಕುತ್ತಿತ್ತು. ಇಷ್ಟು ಸಣ್ಣ ಜಗಳದಲ್ಲಿ ಸರಕಾರಕ್ಕೆ ಏನು ಕೆಲಸವಿದೆ ಎಂದು ನಾವು ಯಾರೂ ಯೋಚಿಸಿರಲಿಲ್ಲ.

ಗಡಹಿಂಗ್ಲಜದಲ್ಲಿ ಆಡು ಸಾಕುವವರಿಗೆ ಒಂದು ದಿನದ ತರಬೇತಿ ಇಟ್ಟಿದ್ದರು. ಮಧ್ಯಾಹ್ನ ಊಟವಿದೆ ಎಂದು ಯಾರೋ ಹೇಳಿದ್ದಕ್ಕೆ ಕಾಡಸಿದ್ದ ಹೋದ. ಸಂಜೆ ಬರುವಾಗ ಪ್ಲಾಸ್ಟಿಕ್ಕಿನೊಳಗೆ ಕೂಡಿಸಿದ ಒಂದು ದಪ್ಪ ಕಾಗದ ಹಿಡಿದುಕೊಂಡು ಬಂದ. ಅದರ ಮೇಲೆ ಅವನ ಫೋಟೊ ಇತ್ತು, ಒಂದು ದುಂಡನೆಯ ಠಸ್ಸೆ ಇತ್ತು, ಅವನ ಹೆಸರಿನ ಮುಂದೆ ಶ್ರೀ ಎಂದು ಬರೆದಿತ್ತು. ನಲವತ್ತೆಂಟು ವರ್ಷದ ಬದುಕಿನಲ್ಲಿ ಅವನಿಗೆ ಶ್ರೀ ಹತ್ತಿದ್ದು ಅದೇ ಮೊದಲು. ಲಗ್ನಪತ್ರಿಕೆಯಲ್ಲಿ ಚಿರಂಜೀವ ಎಂದಿತ್ತು. ಅದಾದ ಮೇಲೆ ಯಾರಿಗೂ ಅವನ ಹೆಸರನ್ನು ಕಾಗದದ ಮೇಲೆ ಬರೆಯುವ ಕೆಲಸ ಬಿದ್ದಿರಲಿಲ್ಲ.

ಮೊದಲ ವಾರ ಆ ಕಾಗದ ಪಡಸಾಲೆಯ ಮೂಲೆಯಲ್ಲಿ ತೂಗಿತು. ಎರಡನೆಯ ವಾರ ಗಡಿಯಾರವಿದ್ದ ಮೊಳೆಗೆ ಬಂತು, ಗಡಿಯಾರ ಅಡುಗೆಮನೆಗೆ ಹೋಯಿತು. ಮನೆಗೆ ಬಂದವರು ಹೊತ್ತು ಎಷ್ಟಾಯಿತೆಂದು ಗೋಡೆ ನೋಡಿದರೆ ಕಾಡಸಿದ್ದನ ಮುಖ ಕಾಣುತ್ತಿತ್ತು.

ಅವನ ಹೊಲಕ್ಕೂ ನನ್ನ ಹೊಲಕ್ಕೂ ನಡುವೆ ಮೊಳಕಾಲೆತ್ತರದ ಒಂದು ಕಲ್ಲಿನ ಗೋಡೆ. ಅದರ ಮೇಲೆ ಕುಳಿತರೆ ಅವನ ಅಂಗಳವೆಲ್ಲ ಕಾಣುತ್ತದೆ. ವಯಸ್ಸಾದವನಿಗೆ ಕೂರಲು ಇದಕ್ಕಿಂತ ಒಳ್ಳೆಯ ಜಾಗ ಹಲಕರ್ಣಿಯವರೆಗೆ ಹುಡುಕಿದರೂ ಇಲ್ಲ. ಹಾಗಾಗಿ ಮುಂದೆ ನಡೆದದ್ದನ್ನೆಲ್ಲ ನಾನು ನೋಡಿದೆ. ನೋಡಿದ್ದಷ್ಟೇ. ಮಾತಾಡುವ ಮೊದಲು ನನಗೆ ಒಮ್ಮೆ ಕೆಮ್ಮು ಬರುತ್ತದೆ, ಕೆಮ್ಮು ಮುಗಿಯುವಷ್ಟರಲ್ಲಿ ಮಂದಿ ಬೇರೆ ಮಾತಿಗೆ ಹೋಗಿರುತ್ತಾರೆ.

ಕಾಡಸಿದ್ದನದು ಲಿಂಗ ಕಟ್ಟುವ ಮನೆತನ. ಅಂಥವರು ಆಡು ಸಾಕುವುದು ಕಡಿಮೆ. ಎಮ್ಮೆ ಸತ್ತ ವರ್ಷ ಅವನ ಹೆಂಡತಿ ಬಾಳಕ್ಕ ಕಬರಿ ಎಂಬ ಒಂದು ಚುಕ್ಕೆಯ ಆಡನ್ನು ಹೊಡೆದುಕೊಂಡು ಬಂದಳು. ಇಚಲಕರಂಜಿಯ ಶಹಾಪುರದಲ್ಲಿ ಮಗ್ಗದ ಶೆಡ್ಡು ಇಟ್ಟಿರುವ ಅವಳ ಅಣ್ಣ ಸಿದ್ಧಲಿಂಗ ಅದಕ್ಕೆಂದೇ ಮೋಟಾರುಸೈಕಲ್ಲಿನ ಮೇಲೆ ಬಂದು ಜಗಳ ತೆಗೆದ. ಆಡು ಸಾಕುವುದೆಂದರೆ ಕಟುಕನಿಗೆ ಸಾಕಿದಂತೆ, ನಮ್ಮ ಮನೆಗಳಲ್ಲಿ ಇದು ಶೋಭಿಸುವುದಿಲ್ಲ ಎಂದ. ಬಾಳಕ್ಕ ಚಹಾ ಕೊಟ್ಟು, ನೀನು ಈಗ ಕುಡಿದದ್ದು ಅದರ ಹಾಲೇ ಎಂದಳು. ತನ್ನ ಅಂಗಳದಿಂದ ಒಂದೇ ಒಂದು ಮರಿಯೂ ಕಟುಕನ ಕಡೆಗೆ ಹೋಗುವುದಿಲ್ಲ ಎಂದೂ ಹೇಳಿದಳು.

ಕಬರಿ ಎರಡು ಸಲ ಹೆಣ್ಣು ಹಾಕಿತು, ತೊಂದರೆಯಾಗಲಿಲ್ಲ. ಮೂರನೆಯ ಸಲ ಚೈತ್ರದ ಬಿಸಿಲಿನಲ್ಲಿ ಒಂದು ಗಂಡು ಹಾಕಿತು. ಅದಕ್ಕೆ ನಿಲ್ಲುವ ಶಕ್ತಿಯೂ ಇರಲಿಲ್ಲ. ಬಾಳಕ್ಕ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು, ಹಾಲಿನಲ್ಲಿ ಅದ್ದಿದ ಬೆರಳು ಚೀಪಿಸಿ ಬದುಕಿಸಿದಳು, ಸೋನ್ಯಾ ಎಂದು ಹೆಸರಿಟ್ಟಳು. ನಮ್ಮ ಕಡೆ ಗಂಡು ಮರಿಗೆ ಒಂದೇ ದಾರಿ, ಅದು ಗಡಹಿಂಗ್ಲಜದ ಸಂತೆಗೆ ಹೋಗುತ್ತದೆ. ಬಾಳಕ್ಕ ಗಂಡನಿಂದ ಲಿಂಗ ಮುಟ್ಟಿಸಿ ಮಾತು ತೆಗೆದುಕೊಂಡಳು: ಸೋನ್ಯಾ ಆ ದಾರಿ ಹಿಡಿಯಬಾರದು, ಬೀಜದ ಹೋತವಾಗಿ ಮನೆಯಲ್ಲೇ ಬಾಳಬೇಕು. ಸುತ್ತಲ ಮೂರು ವಾಡಿಗಳಲ್ಲಿ ಒಳ್ಳೆಯ ಹೋತ ಇರಲಿಲ್ಲವಾದ್ದರಿಂದ ಅದು ಹುಚ್ಚು ಮಾತೇನೂ ಅಲ್ಲ. ಆದರೆ ಹೋತ ಮಾಡುವುದಾದರೆ ತೊಂಬತ್ತು ದಿನಕ್ಕೆ ಹಾಲು ಬಿಡಿಸಿ ತಾಯಿಯಿಂದ ಬೇರೆ ಕಟ್ಟಬೇಕೆಂದು ತರಬೇತಿಯ ಡಾಕ್ಟರರು ಹೇಳಿದ್ದರು. ಹಾಲು ಬಿಡಿಸುವುದು ಸೋನ್ಯಾ ಬದುಕಲಿ ಎಂದೇ. ಇದನ್ನು ಮರೆಯಬಾರದು, ಯಾಕೆಂದರೆ ಮುಂದೆ ಊರು ಮರೆಯಿತು.

ತೊಂಬತ್ತನೆಯ ದಿನ ಆಷಾಢದ, ನಾವು ಆಖಾಡ ಎನ್ನುವ ತಿಂಗಳ ಮೊದಲ ಮಂಗಳವಾರ ಬಿತ್ತು. ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಕಾಡಸಿದ್ದ ತರಬೇತಿಯಲ್ಲಿ ಕೊಟ್ಟ ಪುಸ್ತಕವನ್ನು ಮೊಳಕಾಲ ಮೇಲಿಟ್ಟುಕೊಂಡು ಒರಳಿನ ಮುಂದೆ ಕುಳಿತ. ಮೂರನೆಯ ಪುಟದಲ್ಲಿ ಕೆಚ್ಚಲು ಬಿರಿದಿದ್ದರೆ ಅರಿಷಿಣ ಹಚ್ಚಿ ಎಂದಿತ್ತು. ಐದನೆಯ ಪುಟದಲ್ಲಿ ಹಾಲು ಬಿಡಿಸಲು ಬೇವು ಹಚ್ಚಿ ಎಂದಿತ್ತು. ಕಬರಿಯ ಕೆಚ್ಚಲೂ ಮರಿಯ ಹಲ್ಲು ತಾಗಿ ಬಿರಿದಿತ್ತು. ಕಾಡಸಿದ್ದ ಎರಡೂ ಪುಟಗಳನ್ನು ಕೂಡಿಸಿ ಒಂದೇ ಒರಳಿನಲ್ಲಿ ಅರೆದ. ಅಷ್ಟಕ್ಕೇ ನಿಲ್ಲದೆ ತನ್ನದೂ ಒಂದು ಶೋಧ ಸೇರಿಸಿದ: ಮರಿಯ ಕೊರಳಿಗೆ ಬೇವಿನ ಸೊಪ್ಪಿನ ಒಂದು ಗೊಂಚಲು ಕಟ್ಟಿದ, ಕುಡಿಯಲು ಬಾಯಿ ಹಾಕಿದರೆ ಮೊದಲು ಕಹಿಯೇ ಸಿಗಲಿ ಎಂದು.

"ತಾತ್ಯಾ, ಹೆಂಗೈತಿ?" ಎಂದು ನನ್ನನ್ನು ಕೇಳಿದ.

ಬೇವು ಸಾಕು, ಅರಿಷಿಣ ಬೇಡ, ಇವತ್ತು ಮಂಗಳವಾರ ಎಂದು ಹೇಳುವವನಿದ್ದೆ. ಕೆಮ್ಮು ಬಂತು. ಅದು ಮುಗಿಯುವಷ್ಟರಲ್ಲಿ ಅವನು ಕಬರಿಯ ಕೆಚ್ಚಲಿಗೆಲ್ಲ ಬಳಿದು, ಮರಿಯ ಹಗ್ಗ ಸಡಿಲಿಸಿ, ಪ್ರಯೋಗ ನೋಡಲು ಸರಿದು ನಿಂತಿದ್ದ.

ಸೋನ್ಯಾ ಬಂದು ಎಂದಿನಂತೆ ತಲೆಯಿಂದ ಕೆಚ್ಚಲಿಗೆ ಗುದ್ದಿತು. ಹಣೆ ಹಳದಿಯಾಯಿತು. ಬಾಯಿ ಹಾಕಿತು. ಆಮೇಲೆ ಅದು ಮಾಡಿದ ಸದ್ದು ನಾನು ಆಡಿನಿಂದ ಅದುವರೆಗೆ ಕೇಳಿರಲಿಲ್ಲ. ಹಗ್ಗ ಕಿತ್ತುಕೊಂಡು, ಬೇವಿನ ಗೊಂಚಲು ಅಲ್ಲಾಡಿಸುತ್ತ, ಓಣಿಗೆ ಬಿದ್ದು ಓಡಿತು.

ಓಣಿಯ ತುದಿಗೆ ಮರಗವ್ವನ ಗುಡಿ. ಗುಡಿ ಎಂದರೆ ಒಂದು ದುಂಡು ಕಲ್ಲು, ಮೇಲೆ ತಗಡಿನ ಮಾಡು, ಎದುರಿಗೆ ಒಂದು ಮೆಟ್ಟಿಲು. ಮೇಯಲು ಹೋದಾಗ ಮಳೆ ಬಂದರೆ ಕಬರಿ ಆ ತಗಡಿನ ಕೆಳಗೆ ನಿಲ್ಲುತ್ತಿತ್ತು, ಸೋನ್ಯಾ ಅಲ್ಲೇ ಕುಡಿಯುತ್ತಿತ್ತು. ಈಗಲೂ ಅಲ್ಲಿಗೇ ಹೋಯಿತು. ಹಾಲು ಕುಡಿಯುವ ಮರಿ ಹೇಗೆ ಮಾಡುತ್ತದೋ ಹಾಗೆ ಮುಂದಿನ ಎರಡೂ ಮೊಳಕಾಲೂರಿ ಆ ದುಂಡು ಕಲ್ಲಿಗೆ ಹಣೆ ಹಚ್ಚಿ ಒಮ್ಮೆ ಗುದ್ದಿತು. ಕಲ್ಲಿನಿಂದ ಏನೂ ಬರಲಿಲ್ಲ. ಎದ್ದು ನಿಂತು, ಮಳೆಯ ನೀರು ಕಿವಿಯೊಳಗೆ ಹೋದದ್ದಕ್ಕೆ ಮೂಗಿನಿಂದ ಬಾಲದವರೆಗೆ ಮೈ ಕೊಡವಿತು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಮರಗವ್ವನಿಗೆ ಆಡು ಕೊಡುವುದಾಗಿ ಹರಕೆ ಹೊತ್ತವರು ಅದರ ಹಣೆಗೆ ಅರಿಷಿಣ ಹಚ್ಚುತ್ತಾರೆ, ಕೊರಳಿಗೆ ಬೇವು ಕಟ್ಟುತ್ತಾರೆ, ಆಖಾಡದ ಮಂಗಳವಾರ ಕಲ್ಲಿನ ಮುಂದೆ ನಿಲ್ಲಿಸಿ ನೀರು ಹಾಕುತ್ತಾರೆ. ಅದು ಮೈ ಕೊಡವಿದರೆ ದೇವಿ ಒಪ್ಪಿದಳು ಎಂದರ್ಥ. ಕೊಡವುವವರೆಗೆ ಯಾರೂ ಮುಟ್ಟುವಂತಿಲ್ಲ. ಇದು ಹಳೆಯ ಮರ್ಯಾದೆ. ಕೊಯ್ಯುವ ಮೊದಲು ಆಡನ್ನು ಕೇಳಬೇಕು ಎಂದು ಹಿರಿಯರು ಇಟ್ಟದ್ದು. ಎಪ್ಪತ್ತು ವರ್ಷದಲ್ಲಿ ಒಲ್ಲೆ ಎಂದ ಆಡನ್ನು ನಾನು ಕಂಡಿಲ್ಲ. ಕಿವಿಗೆ ನೀರು ಹೋದರೆ ಎಲ್ಲರೂ ಒಪ್ಪುತ್ತಾರೆ.

ಗುಡಿಯಲ್ಲಿ ನಾಗೂಬಾಯಿ ಕಸ ಗುಡಿಸುತ್ತಿದ್ದಳು. ಆ ಗುಡಿಯ ಕಸವೂ ಊರಿನ ಸುದ್ದಿಯೂ ಅವಳ ಪಾಲಿಗೆ ಬಂದು ಮೂವತ್ತು ವರ್ಷವಾಗಿತ್ತು. ಅವಳು ಕಂಡದ್ದು ಇಷ್ಟು: ಆಖಾಡದ ಮಂಗಳವಾರ, ಹಣೆಗೆ ಅರಿಷಿಣ, ಕೊರಳಿಗೆ ಬೇವು, ಜೊತೆಗೆ ಒಬ್ಬ ಮನುಷ್ಯನೂ ಇಲ್ಲದೆ ತಾನಾಗಿ ನಡೆದು ಬಂದು, ಮೊಳಕಾಲೂರಿ ಅಡ್ಡಬಿದ್ದು, ಮೈ ಕೊಡವಿದ ಒಂದು ಮರಿ. ಕಸಬರಿಗೆ ಅಲ್ಲೇ ಬಿತ್ತು. ಐದನೆಯ ಮನೆ ಮುಟ್ಟುವಾಗ ಮರಿ ಮೂರು ಸಲ ಅಡ್ಡಬಿದ್ದಿತ್ತು. ಹಿಟ್ಟಿನ ಗಿರಣಿ ಮುಟ್ಟುವಾಗ ಕಲ್ಲು ಅದರ ಹೆಸರು ಹಿಡಿದು ಕರೆದಿತ್ತು.

ಸಂಜೆಗೆ ನಮ್ಮ ಪೋಲೀಸ ಪಾಟೀಲ ಹಣಮಪ್ಪ ತಾನೇ ಕಾಡಸಿದ್ದನ ಅಂಗಳಕ್ಕೆ ಬಂದ. ಮಸಾಲೆ ಅರೆಯುವ ಸದ್ದು ಯಾವ ಮನೆಯಿಂದ ಬಂದರೂ ಅವನಿಗೆ ಮೊದಲು ಕೇಳಿಸುತ್ತದೆ. ಈ ಮನೆಯ ಕಡೆ ಮಾತ್ರ ಅವನ ಕಿವಿ ಇದುವರೆಗೆ ತಿರುಗಿರಲಿಲ್ಲ. ಕಾಡಸಿದ್ದನಿಗೆ ಅವನು ನೀವು ಎಂದದ್ದನ್ನು ನಾನು ಅಂದು ಮೊದಲು ಕೇಳಿದೆ.

"ಛಲೋ ಕೆಲಸಾ ಹಿಡದೀರಿ, ಕಾಡಸಿದ್ದಪ್ಪ. ಈ ಕಾಲದಾಗ ಇಷ್ಟು ನೇಮಲೇ ಯಾರು ಮಾಡ್ತಾರು."

ಕಾಡಸಿದ್ದ ಸರ್ಟಿಫಿಕೇಟಿನ ಕಡೆ ಒಮ್ಮೆ ನೋಡಿದ. ಸುದ್ದಿ ಇಷ್ಟು ಬೇಗ ಹಬ್ಬಿತೆಂದು ಅವನಿಗೆ ಸಂತೋಷವಾಯಿತು.

"ಎಲ್ಲಾರೂ ಮಾಡಬೇಕ್ರಿ, ಪಾಟೀಲರ. ಮಂದಿಗೆ ತಿಳುವಳಿಕಿ ಇಲ್ಲ. ತೊಂಬತ್ತು ದಿನ ಆತು ಅಂದರ ತಾಯಿಯಿಂದ ಬಿಡಿಸಿಬಿಡಬೇಕು."

"ತೊಂಬತ್ತ ಅಂತ ಐತೇನು?"

"ಪುಸ್ತಕದಾಗ ಐತ್ರಿ."

ಮರಗವ್ವನಿಗೂ ಪುಸ್ತಕವಿದೆ ಎಂಬುದು ಹಣಮಪ್ಪನಿಗೆ ಗೊತ್ತಿರಲಿಲ್ಲ. ಅವನ ದನಿ ಇನ್ನೂ ತಗ್ಗಿತು. "ಹಂಗಾರ ದಿನಾ ಯಾವುದು ಹಿಡದೀರಿ?"

"ಹದಿನಾಕು ದಿನದ ಕೆಲಸಾ. ಮುಂದಿನದ ಬಿಟ್ಟು ಅದರ ಮುಂದಿನ ಮಂಗಳವಾರಕ್ಕ ಪೂರಾ ಮುಗೀತದ."

"ಊರ ಮಂದಿ ಬಂದರ ನಡೀತದಲ್ಲ?"

"ಬರಲಿ ಬಿಡ್ರಿ," ಎಂದ ಕಾಡಸಿದ್ದ. "ನೋಡಿ ಕಲೀಲಿ."

ನಾನು ಗೋಡೆಯ ಮೇಲೆ ಕುಳಿತು ಕೆಮ್ಮುತ್ತಿದ್ದೆ. ಹಣಮಪ್ಪ ಹೋಗುವಾಗ, ತಾತ್ಯಾ ಮಳೆಯಲ್ಲಿ ಕೂರಬೇಡ, ಎದೆ ಹಿಡಿಯುತ್ತದೆ ಎಂದು ಹೇಳಿ ಹೋದ.

ಅಲ್ಲಿಂದ ನಾಲ್ಕು ದಿನ ಕಾಡಸಿದ್ದನ ಬಾಳಿನ ದೊಡ್ಡ ದಿನಗಳು. ಚಹಾದ ಅಂಗಡಿಯಲ್ಲಿ ಅವನಿಗೆ ಬೆಂಚಿನ ಮೇಲೆ ಜಾಗ ಬಿಟ್ಟರು. ಗಿರಣಿಯಲ್ಲಿ ಅವನ ಜೋಳ ಮೊದಲು ಬೀಸಿದರು. ಯಾವ ಸಂಕಟಕ್ಕೆ ಇವನು ಹರಕೆ ಹೊತ್ತಿರಬಹುದೆಂದು ಊರು ಅವನ ಬೆನ್ನ ಹಿಂದೆ ಚರ್ಚೆ ಮಾಡಿತು. ಕೆಲವರು ಮೊಣಕಾಲು ನೋವು ಎಂದರು, ಕೆಲವರು ಬೋರಿನ ನೀರು ಎಂದರು. ಲಿಂಗ ಕಟ್ಟಿದವನು ಆಡು ಕೊಡುವ ಮಟ್ಟಕ್ಕೆ ಬಂದಿದ್ದಾನೆಂದರೆ ಬಾಯಿ ಬಿಟ್ಟು ಹೇಳಲಾಗದ ರೋಗವೇ ಇರಬೇಕು ಎಂದು ಕೊನೆಗೆ ಎಲ್ಲರೂ ಒಪ್ಪಿ, ಅವನನ್ನು ಕಂಡಾಗ ಅದನ್ನು ಕೇಳಬಾರದೆಂದು ತೀರ್ಮಾನ ಮಾಡಿದರು. ಎದುರಿಗೆ ಸಿಕ್ಕವರು ಮೆಲ್ಲಗೆ, ತಬ್ಬೇತಿ ಹೆಂಗೈತಿ ಎನ್ನುತ್ತಿದ್ದರು. ಮರಿಯದನ್ನು ಕೇಳುತ್ತಿದ್ದಾರೆಂದು ತಿಳಿದ ಕಾಡಸಿದ್ದ, ಮೊದಲ ಮೂರು ದಿನ ತ್ರಾಸ, ಆಮೇಲೆ ರೂಢಿಯಾಗುತ್ತದೆ ಎಂದು ಉತ್ತರಿಸುತ್ತಿದ್ದ. ಕೇಳಿದವರ ಕಣ್ಣಲ್ಲಿ ನೀರು ಬರುತ್ತಿತ್ತು.

ಇದನ್ನೆಲ್ಲ ಅವನು ಕಾಗದದ ಗುಣ ಎಂದುಕೊಂಡ. ಬಾಳಕ್ಕ ಮಾತ್ರ, ಇಷ್ಟು ವರ್ಷ ಇವನನ್ನು ಮಾತಾಡಿಸದವರು ಈಗ ಯಾಕೆ ಮಾತಾಡಿಸುತ್ತಾರೆ ಎಂದು ನನ್ನನ್ನು ಗೋಡೆಯಾಚೆಯಿಂದ ಒಮ್ಮೆ ಕೇಳಿದಳು. ನಾನು ಕೆಮ್ಮಿ ಬಾಯಿ ತೆರೆಯುವಷ್ಟರಲ್ಲಿ ಒಳಗೆ ಹಾಲು ಉಕ್ಕಿ, ಅವಳು ಓಡಿದಳು.

ಐದನೆಯ ದಿನ ಸಿದ್ಧಲಿಂಗ ಬಂದ. ನಮ್ಮ ವಾಡಿಯ ಸುದ್ದಿ ಶಹಾಪುರದ ಮಗ್ಗದ ಸದ್ದನ್ನೂ ಮೀರಿ ಅವನಿಗೆ ಮುಟ್ಟಿತ್ತು. ಎಂಟು ಮಗ್ಗ ನಿಲ್ಲಿಸಿ ಬಂದಿದ್ದೇನೆ ಎಂದು ಮೊದಲು ಹೇಳಿದ, ಆಮೇಲೆ ಚಪ್ಪಲಿ ಬಿಟ್ಟ. ಲಿಂಗ ಇರುವ ಎದೆ ಇದು, ಈ ಎದೆಯ ಮನೆಯವರು ಮರಗವ್ವನಿಗೆ ಪ್ರಾಣಿ ಕೊಟ್ಟರು ಎಂದು ಇಚಲಕರಂಜಿಯ ಬೀಗರು ಕೇಳಿದರೆ ನಾನು ಯಾವ ಮುಖ ತೋರಿಸಲಿ ಎಂದ. ಕಾಡಸಿದ್ದ ಯಾವ ಪ್ರಾಣಿ ಎಂದು ಕೇಳಿದ. ಸಿದ್ಧಲಿಂಗ ಅಂಗಳದಲ್ಲಿ ಜಿಗಿಯುತ್ತಿದ್ದ ಸೋನ್ಯಾನ ಹಳದಿ ಹಣೆಗೆ ಬೆರಳು ತೋರಿಸಿದ.

ಕಾಡಸಿದ್ದನಿಗೆ ತಿಳಿಯಲು ಒಂದು ಕಪ್ ಚಹಾದಷ್ಟು ಹೊತ್ತು ಬೇಕಾಯಿತು. ಬಾಳಕ್ಕನಿಗೆ ಅಷ್ಟು ಬೇಕಾಗಲಿಲ್ಲ. ಅವಳು ಸೋನ್ಯಾನನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ ಹಣೆ ತಿಕ್ಕತೊಡಗಿದಳು. ಸೀಗೆಕಾಯಿ ಹಾಕಿದಳು, ಬಟ್ಟೆಯ ಸಾಬೂನು ಹಾಕಿದಳು. ಬಿಳಿ ಕೂದಲಿಗೆ ಕೂತ ಅರಿಷಿಣ ಹೋಗುವ ಜಾತಿಯದಲ್ಲ. ತಿಕ್ಕಿದಷ್ಟೂ ಹೊಳಪು ಬಂತು.

ಮರುದಿನ ಗುಡಿಯ ಮುಂದೆ ಮಂದಿ ಕೂಡಿದರು. ಕಾಡಸಿದ್ದ ಮೊಳೆಯಿಂದ ತೆಗೆದ ಸರ್ಟಿಫಿಕೇಟನ್ನೂ ಪುಸ್ತಕವನ್ನೂ ತಂದಿದ್ದ. ಮೂರನೆಯ ಪುಟ ಓದಿದ, ಐದನೆಯ ಪುಟ ಓದಿದ, ಎರಡೂ ಹೇಗೆ ಕೂಡಿದವೆಂದು ವಿವರಿಸಿದ. ಎಲ್ಲರೂ ಕಾಗದವನ್ನು ಕೈಯಿಂದ ಕೈಗೆ ಕೊಟ್ಟು ಫೋಟೊ ಬರೋಬರ್ ಬಂದಿದೆ ಎಂದರು. ಆಮೇಲೆ ಹಣಮಪ್ಪ ಕಾಗದವನ್ನು ಎರಡೂ ಕೈಯಿಂದ ಹಿಂದಕ್ಕೆ ಕೊಟ್ಟ.

"ನಿಮ್ಮ ಕಾಗದಾ ಖರೇ. ನಾವು ಸುಳ್ಳ ಅನ್ನೂದಿಲ್ಲ. ಆದರ ಅದು ಮೈ ಕೊಡವಿದ್ದೂ ಖರೇ ಅಲ್ಲೇನು?"

ಕಾಡಸಿದ್ದ ಅದೂ ಖರೇ ಎಂದು ಒಪ್ಪಿದ. ಅವನದು ಮೊದಲಿನಿಂದಲೂ ಇದೇ ಸ್ವಭಾವ. ಎರಡು ಖರೇ ಮಾತು ಎದುರಾದರೆ ಕೊನೆಗೆ ಹೇಳಿದವರ ಕಡೆ ಹೋಗುತ್ತಾನೆ.

ಹರಕೆ ಹೊತ್ತವನು ಹೊತ್ತಿಲ್ಲ ಎನ್ನಬಹುದು, ಆದರೆ ಒಪ್ಪಿದ ದೇವಿ ಒಪ್ಪಿಲ್ಲ ಎನ್ನುವುದಿಲ್ಲ ಎಂದಳು ನಾಗೂಬಾಯಿ. ಇವರು ಮರಿಯ ಹಣೆ ತೊಳೆದ ದಿನವೇ ತನ್ನ ಮೊಮ್ಮಗಳು ಸಾಯ್ಲಿಗೆ ಜ್ವರ ಬಂತು ಎಂದಳು. ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟದ್ದೂ ಅವತ್ತೇ ಎಂದು ಯಾರೋ ನೆನಪಿಸಿದರು. ಆ ಟ್ರಾನ್ಸ್‌ಫಾರ್ಮರ್ ಪ್ರತಿ ಮಳೆಗಾಲ ಸುಡುತ್ತದೆ. ನಲವತ್ತು ವರ್ಷದ ಹಿಂದೆ ಅದನ್ನು ಕೂಡಿಸಿದ ದಿನವೂ ಸುಟ್ಟಿತ್ತು, ನನಗೆ ನೆನಪಿದೆ. ಬೇವು ಅರೆದದ್ದನ್ನು ಕಣ್ಣಾರೆ ನೋಡಿದವನೂ ನಾನೊಬ್ಬನೇ. ಎರಡನ್ನೂ ಹೇಳೋಣವೆಂದು ಎದ್ದು ನಿಂತೆ. ಕೆಮ್ಮು ಬಂತು. ತಾತ್ಯಾನಿಗೂ ಹಿಡಿಯಿತು ನೋಡಿರಿ, ಇದೂ ಅದೇ ಕಾಟ ಎಂದಳು ನಾಗೂಬಾಯಿ. ನನ್ನನ್ನು ಇಬ್ಬರು ಹಿಡಿದು ಕೂಡಿಸಿ ನೀರು ಕುಡಿಸಿದರು.

ದಾರಿ ತೋರಿಸಿದವನು ಸಿದ್ಧಲಿಂಗ. ಅವನಿಗೆ ಮರಿ ಸಾಯುವುದರ ಬಗ್ಗೆ ತಕರಾರಿರಲಿಲ್ಲ, ಯಾರ ಹೆಸರಿನಲ್ಲಿ ಸಾಯುತ್ತದೆ ಎಂಬುದರ ಬಗ್ಗೆ ಇತ್ತು. ಮರಿಯ ಹಗ್ಗವನ್ನು ಕಾಡಸಿದ್ದ ಎಲ್ಲರ ಎದುರಿಗೆ ಹಣಮಪ್ಪನ ಕೈಗೆ ಕೊಡಲಿ ಎಂದ. ಅಲ್ಲಿಂದ ಮುಂದೆ ಮರಿ ಹಣಮಪ್ಪನದು, ಹರಕೆ ಹಣಮಪ್ಪನದು. ಲಿಂಗ ಕಟ್ಟಿದ ಮನೆಗೆ ಸಂಬಂಧವಿಲ್ಲ. ನಾವು ದೂರದಲ್ಲಿ ನಿಂತು ಕಾಯಿ ಒಡೆಸುತ್ತೇವೆ ಎಂದ. ಎಂಥ ಶಾಣ್ಯಾ ಮನುಷ್ಯ ಎಂದು ಎಲ್ಲರಿಗೂ ಅನ್ನಿಸಿತು. ಹಣಮಪ್ಪ ಕೈ ಚಾಚಿದ.

ಅಷ್ಟು ಹೊತ್ತೂ ಕಂಬಕ್ಕೆ ಒರಗಿ ನಿಂತಿದ್ದ ಬಾಳಕ್ಕ ಮುಂದೆ ಬಂದಳು.

"ಅವತ್ತ ಅದಕ್ಕ ಯಾರೂ ನೀರು ಹಾಕಿ ಕೇಳಿರಲಿಲ್ಲ. ಮಳಿ ಹಾಕಿತ್ತು. ಪದ್ಧತಿ ಅಂದರ ಪದ್ಧತಿ. ಹದಿನಾಕು ದಿನಾ ಮುಗಿಯೂ ಮಂಗಳವಾರ ಎಲ್ಲಾರ ಮುಂದ ಕೇಳ್ರಿ. ಮೂರು ತಂಬಿಗಿ ನೀರು ಹಾಕ್ರಿ. ಅದು ಒಲ್ಲೆ ಅಂದರ ನನ್ನ ಮರಿ ನನ್ನ ಮನೀಗೆ ಬರಬೇಕು."

ಪದ್ಧತಿಯನ್ನು ಅಲ್ಲಗಳೆಯಲು ಯಾರಿಗೂ ಬರಲಿಲ್ಲ. ಮೊದಲನೆಯ ತಂಬಿಗೆಗೇ ಕೊಡವುತ್ತದೆ ಎಂದು ಗೊತ್ತಿದ್ದ ಹಣಮಪ್ಪ ದೊಡ್ಡ ಮನಸ್ಸಿನಿಂದ ಆಗಲಿ ಎಂದ.

ಆ ಮಧ್ಯಾಹ್ನದಿಂದಲೇ ಬಾಳಕ್ಕ ಕೆಲಸ ಶುರು ಮಾಡಿದಳು. ಗಂಡ ಹೊಲಕ್ಕೆ ಹೋದ ಹೊತ್ತು ನೋಡಿ ಅಂಗಳದ ನಡುವೆ ಸೋನ್ಯಾನನ್ನು ನಿಲ್ಲಿಸಿ ತಲೆಯ ಮೇಲೆ ಒಂದು ಬೊಗಸೆ ನೀರು ಹಾಕುವಳು. ಅದು ಮೈ ಕೊಡವಿದರೆ ಸುಮ್ಮನೆ ನಿಲ್ಲುವಳು. ಕೊಡವದೆ ಒಂದು ಗಳಿಗೆ ತಡೆದರೆ ಅಂಗೈಯಲ್ಲಿ ಒಂದು ಚೂರು ಬೆಲ್ಲ. ಮೊದಲ ದಿನ ಬೆಲ್ಲ ಹಾಗೇ ಉಳಿಯಿತು. ಮೂರನೆಯ ದಿನ ಅರ್ಧ ಉಳಿಯಿತು. ಐದನೆಯ ದಿನ ಬೊಗಸೆ ಹೋಗಿ ತಂಬಿಗೆ ಬಂತು. ಏಳನೆಯ ದಿನ ಕಿವಿಯೊಳಗೇ ನೀರು ಬಿಟ್ಟರೂ ಸೋನ್ಯಾ ಬಾಳಕ್ಕನ ಅಂಗೈ ನೋಡುತ್ತ ಗುಡಿಯ ಕಲ್ಲಿನಂತೆ ನಿಂತಿತು. ಆಡಿಗೆ ಒಲ್ಲೆ ಎನ್ನಲು ಕಲಿಸಿದ ಒಬ್ಬಳನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದು ಅದೊಂದೇ ಸಲ. ಅವಳಿಗೆ ಯಾರೂ ಸರ್ಟಿಫಿಕೇಟು ಕೊಟ್ಟಿರಲಿಲ್ಲ.

ಇತ್ತ ಕಾಡಸಿದ್ದನೂ ಕೈ ಕಟ್ಟಿ ಕುಳಿತಿರಲಿಲ್ಲ. ಅವನು ಪುಸ್ತಕದ ಪ್ರಕಾರ ಹಾಲು ಬಿಡಿಸುವುದನ್ನು ಮುಂದುವರಿಸಿದ. ಮರಿಯ ಕಥೆ ಏನೇ ಆಗಲಿ, ಹದಿನಾಲ್ಕು ದಿನದ ಕೆಲಸವನ್ನು ನಡುವೆ ಬಿಡಬಾರದು ಎಂದು ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿತ್ತು. ಕಬರಿಯನ್ನು ಹಿತ್ತಿಲಲ್ಲಿ, ಸೋನ್ಯಾನನ್ನು ಅಂಗಳದಲ್ಲಿ ಕಟ್ಟಿದ. ಏಳನೆಯ ಪುಟದಲ್ಲಿ ಇನ್ನೊಂದು ಮಾತಿತ್ತು: ತಾಯಿಯ ಹಾಲು ಸಿಗಬಾರದು, ಆದರೆ ತಾಯಿಯ ದನಿ ಕೇಳಿಸುತ್ತಿರಬೇಕು, ಆಗ ಮರಿ ಹೆದರುವುದಿಲ್ಲ. ಅದನ್ನು ಅವನು ನನಗೆ ಎರಡು ಸಲ ಓದಿ ಹೇಳಿದ. ಎಷ್ಟು ತಿಳಿದು ಬರೆದಿದ್ದಾರೆ ನೋಡಿರಿ ತಾತ್ಯಾ ಎಂದ.

ಮಂಗಳವಾರ ಬಂತು. ಮೋಡವಿತ್ತು, ಮಳೆ ಇರಲಿಲ್ಲ. ಗುಡಿಯ ಹಿಂದೆ ಕಲ್ಲು ಹೂಡಿ ಒಲೆ ಮಾಡಿದ್ದರು, ಹಂಡೆಯಲ್ಲಿ ನೀರು ಕಾಯುತ್ತಿತ್ತು, ಹಣಮಪ್ಪನ ಮನೆಯ ಹೆಂಗಸರು ಕೊಬ್ಬರಿ ಹುರಿಯುತ್ತಿದ್ದರು. ಓಣಿಯ ಮೇಲಿನ ತುದಿಯಲ್ಲಿ, ವಾಸನೆ ಬಾರದ ಕಡೆ ನೋಡಿಕೊಂಡು, ಸಿದ್ಧಲಿಂಗ ಒಂದು ತೆಂಗಿನಕಾಯಿ ಹಿಡಿದು ನಿಂತಿದ್ದ. ಸೋನ್ಯಾನನ್ನು ಕಲ್ಲಿನ ಮುಂದೆ ನಿಲ್ಲಿಸಿದರು. ನಾಲ್ಕು ಮಾರು ದೂರದಲ್ಲಿ ಬಾಳಕ್ಕ ಬಲಗೈ ಮುಷ್ಟಿ ಹಿಡಿದು ಕುಳಿತಳು. ಮುಷ್ಟಿಯಲ್ಲಿ ಏನಿದೆ ಎಂದು ಇಬ್ಬರಿಗೇ ಗೊತ್ತು, ನನಗೆ ಮತ್ತು ಸೋನ್ಯಾಗೆ.

ನಾಗೂಬಾಯಿ ಮೊದಲ ತಂಬಿಗೆ ಹಾಕಿದಳು. ಸೋನ್ಯಾ ನಿಂತೇ ಇತ್ತು. ನೀರು ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಹಣಮಪ್ಪ ನಕ್ಕು, ದೇವಿ ಯೋಚನೆ ಮಾಡುತ್ತಿದ್ದಾಳೆ ಎಂದ.

ಎರಡನೆಯ ತಂಬಿಗೆ ಹಾಕಿದಳು. ಸೋನ್ಯಾ ಒಂದು ಕಣ್ಣು ಮುಚ್ಚಿ ತೆರೆಯಿತು. ಒಲೆಯ ಕಡೆಯಿಂದ ಒಬ್ಬಳು ಬಂದು ಮಸಾಲೆ ಹುರಿದಾಯಿತು, ಸೀಯುತ್ತದೆ, ಏನು ಮಾಡಲಿ ಎಂದು ಕೇಳಿದಳು. ಹಣಮಪ್ಪ ಅವಳಿಗೆ ಕೈ ಮಾಡಿ ಸುಮ್ಮನಿರಿಸಿದ. ಅವನ ಮುಖದ ಮೇಲೆ, ಉಣ್ಣಲು ಕುಳಿತಾಗ ಎಲೆ ಎಳೆಸಿಕೊಂಡವನ ಕಳೆ ಬಂದಿತ್ತು. ಇಲ್ಲಿಯವರೆಗೆ ಯಾವ ಆಡೂ ಅವನನ್ನು ಹೀಗೆ ನಡೆಸಿಕೊಂಡಿರಲಿಲ್ಲ.

ಮೂರನೆಯ ತಂಬಿಗೆಯನ್ನು ನಾಗೂಬಾಯಿ ಸಣ್ಣ ಧಾರೆಯಾಗಿ ಹಾಕತೊಡಗಿದಳು. ಎಡ ಕಿವಿಗೆ ಹಾಕಿದಳು, ಬಲ ಕಿವಿಗೆ ಹಾಕಿದಳು, ಬೆನ್ನ ಹುರಿಯ ಮೇಲೆ ಎಳೆದಳು. ಸೋನ್ಯಾ ಬಾಳಕ್ಕನ ಮುಷ್ಟಿಯನ್ನೇ ನೋಡುತ್ತಿತ್ತು. ತಂಬಿಗೆ ಅರ್ಧವಾಯಿತು. ಅರ್ಧದ ಅರ್ಧವಾಯಿತು. ಮಂದಿಯಲ್ಲಿ ಒಬ್ಬಿಬ್ಬರು ಕೆನ್ನೆ ಬಡಿದುಕೊಂಡರು, ದೇವಿ ಒಲ್ಲೆ ಅಂದಳು ಎಂದು ಒಂದು ಗುಸುಗುಸು ಹಿಂದಿನಿಂದ ಎದ್ದಿತು. ಹದಿನೈದು ದಿನದಲ್ಲಿ ಬಾಳಕ್ಕ ನಕ್ಕದ್ದನ್ನು ನಾನು ನೋಡಿದ್ದು ಆಗಲೇ.

ಮೊದಲೆರಡು ತಂಬಿಗೆಯ ಹೊತ್ತು ಕಾಡಸಿದ್ದನೂ ಸೋನ್ಯಾನನ್ನೇ ನೋಡಿದ್ದ. ಅವನಿಗೆ ಬೇರೆ ಕಂಡಿತು. ಇಷ್ಟು ಮಂದಿಯ ನಡುವೆ ನೆನೆದು, ಉಸಿರೆತ್ತದೆ ನಿಂತ ಮರಿ ಹೆದರಿದೆ ಎಂದು ಕಂಡಿತು. ಹೆದರಿದ ಮರಿಗೆ ಏನು ಮಾಡಬೇಕೆಂದು ಏಳನೆಯ ಪುಟದಲ್ಲಿತ್ತು. ಎರಡನೆಯ ತಂಬಿಗೆ ಮುಗಿದಾಗಲೇ ಅವನು ಹಿಂದಿನಿಂದ ಸರಿದು ಮನೆಗೆ ಹೋಗಿದ್ದನ್ನು ನಾನೊಬ್ಬನೇ ನೋಡಿದ್ದೆ. ಈಗ ಓಣಿಯ ತಿರುವಿನಲ್ಲಿ ಅವನು ಬರುವುದು ಕಾಣಿಸಿತು. ಕೈಯಲ್ಲಿ ಹಗ್ಗವಿತ್ತು, ಹಗ್ಗದ ತುದಿಗೆ ಕಬರಿ ಇತ್ತು. ಅಲ್ಲೇ ನಿಲ್ಲು ಎಂದು ಕೂಗಲು ಬಾಯಿ ತೆರೆದೆ. ಏನು ಬಂತೆಂದು ಹೇಳಬೇಕಾಗಿಲ್ಲ.

ಕಬರಿ ಒಮ್ಮೆ ಒದರಿತು. ಒಮ್ಮೆ ಮಾತ್ರ.

ಸೋನ್ಯಾ ಕಿವಿ ನೆಟ್ಟಗೆ ಮಾಡಿತು. ಮುಷ್ಟಿಯಿಂದ ಕಣ್ಣು ಕಿತ್ತು ಓಣಿಯ ಕಡೆ ತಿರುಗಿತು. ಓಡುವ ಮೊದಲು, ಮೈಮೇಲಿನ ನೀರಿನ ಭಾರ ಕಳೆಯಲು, ಮೂಗಿನಿಂದ ಬಾಲದವರೆಗೆ ಕೊಡವಿತು. ಹನಿಗಳು ಮುಂದಿನ ಸಾಲಿನವರ ಮುಖದ ಮೇಲೆಲ್ಲ ಬಿದ್ದವು. ನಾಗೂಬಾಯಿಯ ತಂಬಿಗೆಯಲ್ಲಿ ಇನ್ನೂ ಒಂದು ಗುಟುಕು ನೀರು ಉಳಿದಿತ್ತು.

"ನೋಡ್ರಿ, ಹೆದರಿಕಿ ಹೋತು," ಎಂದ ಕಾಡಸಿದ್ದ, ಓಣಿಯ ತಿರುವಿನಿಂದ.

ಹಣಮಪ್ಪನ ಕೈ ಚುರುಕು, ಅಷ್ಟು ಹೇಳಿದರೆ ಸಾಕು. ಮೇಲಿನ ತುದಿಯಲ್ಲಿ ಸಿದ್ಧಲಿಂಗ ಕಾಯಿ ಒಡೆದು, ಚೂರುಗಳನ್ನು ಹಂಚಿ, ಮಗ್ಗ ನಿಂತಿವೆ ಎಂದು ಹೊರಟುಹೋದ. ಮಧ್ಯಾಹ್ನ ನನ್ನ ಮನೆಗೂ ಒಂದು ಡಬ್ಬಿ ಬಂತು. ತಿಂದೆ. ಮಸಾಲೆ ಸ್ವಲ್ಪ ಸೀದಿತ್ತು.

ಕಬರಿ ಮೂರು ದಿನ ಒದರಿತು, ನಾಲ್ಕನೆಯ ದಿನ ಹುಲ್ಲು ತಿಂದಿತು. ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಒಂದು ದಿನ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಬಾಳಕ್ಕ ಹಾಲು ಹಿಂಡಿದಳು. ಗಂಡನಿಗೆ ಅನ್ನ ಹಾಕಿ ಹಿತ್ತಿಲಿಗೆ ಹೋದಳು. ಸಾಯ್ಲಿಯ ಜ್ವರ ಇಳಿಯಿತು, ಟ್ರಾನ್ಸ್‌ಫಾರ್ಮರ್ ಇನ್ನೊಮ್ಮೆ ಸುಟ್ಟಿತು, ಅದಕ್ಕೆ ಯಾರೂ ಕಾರಣ ಹುಡುಕಲಿಲ್ಲ.

ತಿಂಗಳ ನಂತರ ಗಡಹಿಂಗ್ಲಜದಿಂದ ಪ್ರಣಾಲಿ ಎಂಬ ತರುಣಿ ಸ್ಕೂಟರಿನ ಮೇಲೆ ಬಂದಳು. ತರಬೇತಿ ಪಡೆದವರು ಕಲಿತದ್ದನ್ನು ಮಾಡಿದ್ದಾರೋ ಇಲ್ಲವೋ ಎಂದು ನೋಡಿ ಬರೆದುಕೊಳ್ಳುವ ಕೆಲಸ ಅವಳದು. ಹಲಗೆಯಂಥ ಒಂದು ಫೋನು ಹಿಡಿದಿದ್ದಳು. ಸಾಕ್ಷಿಗೆ ನೆರೆಯ ರೈತನೊಬ್ಬ ಬೇಕೆಂದು ನನ್ನನ್ನು ಗೋಡೆಯಿಂದ ಇಳಿಸಿ ಕರೆದರು. ಕಾಡಸಿದ್ದ ಗೋಡೆಯ ಸರ್ಟಿಫಿಕೇಟಿನ ಕೆಳಗೆ ಕುಳಿತು ನೆಲ ನೋಡುತ್ತಿದ್ದ. ಬಾಳಕ್ಕ ಉತ್ತರ ಕೊಟ್ಟಳು.

ಮರಿಯನ್ನು ತೊಂಬತ್ತು ದಿನಕ್ಕೆ ಬೇರೆ ಕಟ್ಟಿದಿರಾ ಎಂದು ಪ್ರಣಾಲಿ ಕೇಳಿದಳು. ಕಟ್ಟಿದೆವು ಎಂದಳು ಬಾಳಕ್ಕ. ಬೇವು ಹಚ್ಚಿದಿರಾ ಎಂದಳು. ಹಚ್ಚಿದೆವು. ತಾಯಿಯ ದನಿ ಕೇಳಿಸುತ್ತಿತ್ತೇ ಎಂದಳು. ಕೊನೆಯವರೆಗೂ ಎಂದಳು ಬಾಳಕ್ಕ.

"ಮರಿ ತಾಯಿ ಹಾಲು ಕುಡಿಯೂದು ಪೂರಾ ನಿಂತೈತ್ರಿ, ಮಾವಶಿ?"

"ನಿಂತೈತಿ. ಹೌದ ಅಂತ ಬರಕೋ."

"ಈಗ ತೂಕ ಎಷ್ಟ ಐತಿ?"

"ಅದನ್ನ ಪಾಟೀಲ ಹಣಮಪ್ಪನ್ನ ಕೇಳ, ತಂಗಿ. ತೂಗಿ ಹಂಚಿದವನು ಅವನ."

ಪ್ರಣಾಲಿಗೆ ಅರ್ಥವಾಗಲಿಲ್ಲ. ತೂಕದ ಜಾಗ ಖಾಲಿ ಬಿಟ್ಟರೂ ಫೋನು ಒಪ್ಪುತ್ತದೆ ಎಂದಳು. ಆಮೇಲೆ ಅವಳ ಮುಖ ಅರಳಿತು. ಇಡೀ ತಾಲೂಕಿನಲ್ಲಿ ಪುಸ್ತಕದ ಎಲ್ಲ ಪುಟಗಳನ್ನೂ ಮಾಡಿ ತೋರಿಸಿದವರು ಇವರೊಬ್ಬರೇ, ಇವರಿಗೆ ಎರಡನೆಯ ಸರ್ಟಿಫಿಕೇಟು ಬರುತ್ತದೆ ಎಂದಳು. ಕಾಡಸಿದ್ದ ತಲೆ ಎತ್ತಲಿಲ್ಲ.

ಅವಳು ಫೋನನ್ನು ನನ್ನ ಮುಂದೆ ಹಿಡಿದಳು. ಮೇಲೆ ಬರೆದದ್ದೆಲ್ಲ ಖರೇ ಎಂದು ನಾನು ಹೇಳಬೇಕಾಗಿತ್ತು, ಬೇರೆ ಏನಾದರೂ ಇದ್ದರೆ ಅದನ್ನೂ ಹೇಳಬಹುದಿತ್ತು.

"ಆಜೋಬಾ, ಸಾವಕಾಶ ಸಾಂಗಾ, ನಿಧಾನ ಹೇಳ್ರಿ," ಎಂದಳು. "ಗಡಬಡಿ ಇಲ್ಲ."

ನಾನು ಕೆಮ್ಮಿದೆ. ಯಾರೂ ನಡುವೆ ಮಾತಾಡಲಿಲ್ಲ. ಪ್ರಣಾಲಿ ಕಾದಳು, ಕಾಡಸಿದ್ದ ಕಾದ, ಬಾಳಕ್ಕ ಕಂಬಕ್ಕೆ ಒರಗಿ ನನ್ನ ಬಾಯಿಯನ್ನೇ ನೋಡುತ್ತ ಕಾದಳು. ಕೆಮ್ಮು ಪೂರ್ತಿ ಮುಗಿಯಿತು. ಹಿತ್ತಿಲಿನಲ್ಲಿ ಕಬರಿ ಮೆಲುಕು ಹಾಕುವ ಸದ್ದು ಕೇಳಿಸುವಷ್ಟು ಅಂಗಳ ಶಾಂತವಾಗಿತ್ತು.

ಗಾಜಿನ ಮೇಲೆ ಬೆರಳಿನಿಂದ ಸಹಿ ಮಾಡಿದೆ.